ನಳಿಕೆಯ ಆಚೆ ಕಂಡ ತಾರೀಖು

ಮಾನ್ಯ ಓದುಗರಲ್ಲಿ ಸವಿನಯ ನಿವೇದನೆ.

ಈ ಬರಹದಲ್ಲಿ ಕಾಗುಣಿತದ ದೋಷಗಳು ಇರಬಹುದಾಗಿದ್ದು, ಅವುಗಳಿಗಾಗಿ ಆರಂಭದಲ್ಲಿಯೇ ಕ್ಷಮೆ ಕೋರುತ್ತೇನೆ. ನಾನು ಏಳನೆಯ ಇಯತ್ತೆಯವರೆಗೆ ಮಾತ್ರ ಕಲಿತವಳು. ಒತ್ತಕ್ಷರ ಬಂದಾಗಲೆಲ್ಲ ಪೆನ್ನು ತಡೆಯುತ್ತದೆ. ಕೈಬರಹವೂ ನೋಡುವಂತಿಲ್ಲ. ಮೂವತ್ತು ವರ್ಷ ಓಣಿಯ ಹೆಂಗಸರ ಜಂಪರು ಹೊಲಿದ ಬೆರಳುಗಳು ಪೆನ್ನನ್ನು ಸೂಜಿಯೆಂದೇ ತಿಳಿದು ಒತ್ತುತ್ತವೆ. ಹಾಳೆ ತಿರುವಿದರೆ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿ ನಿಂತಿರುತ್ತವೆ.

ಬರವಣಿಗೆಯು ಅರ್ಜಿಯ ಧಾಟಿಯಲ್ಲಿ ಕಂಡುಬಂದಲ್ಲಿ ಅದಕ್ಕೆ ಕಾರಣವನ್ನೂ ತಿಳಿಸುವುದು ಉಚಿತ. ನನ್ನ ಜೀವಮಾನದಲ್ಲಿ ನಾಲ್ಕು ಸಾಲಿಗಿಂತ ಹೆಚ್ಚಿಗೆ ನಾನು ಬರೆದ ಮೊದಲ ಕಾಗದವೇ ಒಂದು ಅರ್ಜಿ. ಅದು ತೊಂಬತ್ತರ ದಶಕದ ಕೊನೆಯ ಮಾತು. ನನ್ನ ತಮ್ಮನಿಗೆ ನನ್ನ ಎರಡು ಕಿಡ್ನಿಗಳಲ್ಲಿ ಒಂದನ್ನು ಕೊಡಲು ಅನುಮತಿ ಬೇಡಿ ಬರೆದ ಅರ್ಜಿ. ಧಾರವಾಡದ ಕೋರ್ಟಿನ ಹೊರಗೆ ಟೈಪರೈಟರ್ ಇಟ್ಟುಕೊಂಡು ಕೂಡುತ್ತಿದ್ದ ಒಬ್ಬ ಹಿರಿಯರು ಅದನ್ನು ಟೈಪು ಮಾಡಿಕೊಟ್ಟಿದ್ದರು. ಆದರೆ ಆಸ್ಪತ್ರೆಯವರು, ಕೊಡುವವಳು ಸ್ವಂತ ಕೈಯಿಂದಲೇ ಬರೆಯತಕ್ಕದ್ದು ಎಂದರು. ಆದ್ದರಿಂದ ಸದರಿ ಅರ್ಜಿಯನ್ನು ಅಕ್ಷರ ಅಕ್ಷರ ನೋಡಿ ನಕಲು ಮಾಡಿದೆ. ಎರಡು ಸಲ ಕೆಟ್ಟಿತು, ಮೂರನೆಯ ಸಲ ಸರಿಯಾಯಿತು. "ಸ್ವ ಇಚ್ಛೆಯಿಂದ", "ಈ ಮೂಲಕ", "ತಿಳಿದಿರುತ್ತೇನೆ" ಎಂಬ ಮಾತುಗಳು ಅಂದಿನಿಂದ ನನ್ನ ಕೈಯಲ್ಲಿ ಕುಳಿತಿವೆ. ಬೇರೆ ರೀತಿಯಲ್ಲಿ ಬರೆಯಲು ನನಗೆ ಬಾರದು.

ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಮೂವರು ಅಧಿಕಾರಿಗಳ ಮುಂದೆ ನನ್ನನ್ನು ಕೂಡಿಸಿದರು. ಒಬ್ಬರು ಕೇಳಿದರು, "ಯಾರಾದರೂ ನಿಮ್ಮನ್ನ ಒತ್ತಾಯ ಮಾಡಿದ್ದಾರಾಮ್ಮ?"

"ಒತ್ತಾಯ ಮಾಡಿದಾಕಿ ನಾನ ರಿ," ಎಂದೆ. "ಅವ ಒಲ್ಲೆ ಅಂತ ಆರು ತಿಂಗಳ ಕುಂತಿದ್ದ."

ಮೂವರೂ ನಕ್ಕರು. ಸಹಿ ಹಾಕಿದರು.

ನನ್ನ ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ, ನಮ್ಮ ಅಪ್ಪ ಕೂಡುತ್ತಿದ್ದ ಮೇಜಿನ ಮೇಲೆಯೇ ಕೈಗಡಿಯಾರ ರಿಪೇರಿ ಮಾಡುತ್ತಿದ್ದನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಹಿಡಿದು, ಎಳ್ಳಿಗಿಂತ ಸಣ್ಣ ತಿರುಪನ್ನು ಚಿಮಟದಿಂದ ಎತ್ತಿ ಅದರ ಜಾಗದಲ್ಲಿ ಇಡುತ್ತಿದ್ದನು. ಇಪ್ಪತ್ತಾರನೆಯ ವಯಸ್ಸಿಗೆ ಅವನ ಕಾಲುಗಳು ಊದಿಕೊಂಡವು. ಕಿಡ್ನಿಯೆಂಬುದು ರಕ್ತವನ್ನು ಸೋಸುವ ಜಾಳಿಗೆ. ಆ ಜಾಳಿಗೆ ಹರಿದು, ದೇಹದಲ್ಲಿ ಉಳಿಯಬೇಕಾದ ಸತ್ವವೆಲ್ಲ ಮೂತ್ರದಲ್ಲಿ ಸೋರಿಹೋಗುತ್ತಿದೆ ಎಂದು ವೈದ್ಯರು ತಿಳಿಸಿದರು. ಮೂರು ವರ್ಷಗಳಲ್ಲಿ ಎರಡೂ ಕಿಡ್ನಿಗಳು ನಿಂತುಹೋದವು. ಅನಂತರ ಒಂದು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಲ್ಲಿಂದ ಬಂದ ದಿನ ಅವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದನು. ಅವನನ್ನು ಆ ಗೋಡೆಯಿಂದ ಈ ಕಡೆ ತಿರುಗಿಸಬೇಕೆಂಬುದೊಂದೇ ನನ್ನ ಹಟವಾಗಿತ್ತು.

ಸಂಕ್ರಾಂತಿಯ ನಂತರ ಶಸ್ತ್ರಚಿಕಿತ್ಸೆ ಆಯಿತು. ನನ್ನ ಎಡಗಡೆಯ ಕಿಡ್ನಿ ಅವನ ಹೊಟ್ಟೆಯಲ್ಲಿ ಅಂದೇ ಕೆಲಸ ಆರಂಭಿಸಿತು. ಈ ಸಂಗತಿಯನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆಂಬುದನ್ನು ಮುಚ್ಚಿಡುವುದಿಲ್ಲ. ಶಾಲೆಯಲ್ಲಿ ನಾನು ಯಾವುದಕ್ಕೂ ಮೊದಲಿಗಳಾಗಿರಲಿಲ್ಲ. ನನ್ನ ಕಿಡ್ನಿ ಮೊದಲ ದಿನವೇ ಪಾಸಾಗಿತ್ತು.

ಯುಗಾದಿ ಮುಗಿಸಿ ಊರಿಗೆ ಬಂದೆವು. ತಮ್ಮನನ್ನು ಹುಬ್ಬಳ್ಳಿಯ ಇನ್ನೊಂದು ಬದಿಗಿರುವ ಬೆಂಗೇರಿಯ ನಮ್ಮ ಮನೆಯಲ್ಲಿಯೇ ಇರಿಸಿಕೊಂಡೆ. ಹಳೇ ಹುಬ್ಬಳ್ಳಿಯ ಮನೆಯಲ್ಲಿ ಬಂದವರೆಲ್ಲರೂ ಅವನ ಹಾಸಿಗೆಯ ಮೇಲೆಯೇ ಕೂಡುತ್ತಾರೆ, ಕೆಮ್ಮುತ್ತಾರೆ. ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ಕೊಡುವ ಔಷಧಗಳಿಂದ ಅವನಿಗೆ ಸೋಂಕು ಬೇಗ ತಗಲುವ ಸಂಭವವಿತ್ತು. ನಮ್ಮ ಅವ್ವ ದಿನವೂ ಮುಂಜಾನೆಯ ಬಸ್ಸಿಗೆ ಬಂದು ಸಂಜೆ ಹಿಂದಿರುಗುತ್ತಿದ್ದಳು. ಬಂದಾಕಿ ಓಣಿಯ ವರ್ತಮಾನವನ್ನೂ ತರುತ್ತಿದ್ದಳು.

"ನಳದ ಕಡೆ ಒಬ್ಬಾಕಿ ಅಂತಾಳ, ಹೆಂಗಸಿನ ಕಿಡ್ನಿ ಹಾಕ್ಕೊಂಡಾನ, ಇನ್ನ ರೊಟ್ಟಿ ಬಡಿಯಾಕ ಕುಂಡ್ರತಾನೇನ ಮತ್ತ ಅಂತ."

"ನೀ ಏನಂದಿ?" ತಮ್ಮ ಕೇಳಿದನು.

"ಬಡದ್ರ ಬಡೀಲಿ ಬಿಡವಾ, ನಿಮ್ಮ ಮನಿ ಗಂಡಸರಿಗೆ ಬಡದದ್ದು ತಿನ್ನೂದಷ್ಟ ಗೊತ್ತೈತಿ ಅಂದೆ."

ನನ್ನ ಯಜಮಾನರು ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅವರು ತಮ್ಮನನ್ನು ನೋಡಿದಾಗಲೆಲ್ಲ ಒಂದೇ ಚೇಷ್ಟೆ. "ಏ ಅಳಿಯಾ, ನನ್ನ ಹೇಣ್ತಿದು ಒಂದ ಅರ್ಧಾ ಟಿಕೀಟು ನಿನ್ನ ಹೊಟ್ಟ್ಯಾಗೈತಿ. ಚೆಕ್ಕಿಂಗಿನವರು ಬಂದ್ರ ನಂಗ ಕೇಳ್ತಾರ, ಜ್ವಾಕಿ ಇಟಗೋ."

ಹುಬ್ಬಳ್ಳಿಯ ನಮ್ಮ ಡಾಕ್ಟರು ನನಗೆ ಒಂದು ಕೆಲಸವನ್ನು ವಹಿಸಿಕೊಟ್ಟರು. ಪ್ರತಿದಿನ ಮುಂಜಾನೆ ತಮ್ಮನ ಮೊದಲ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಮುಕ್ಕಾಲು ಭಾಗ ತೆಗೆದುಕೊಳ್ಳಬೇಕು. ಕಟ್ಟಿಗೆಯ ಚಿಮಟದಲ್ಲಿ ಹಿಡಿದು, ಸ್ಪಿರಿಟ್ ದೀಪದ ಉರಿಗೆ ನಳಿಕೆಯ ಮೇಲ್ಭಾಗವನ್ನು ಮಾತ್ರ ಕಾಯಿಸಬೇಕು. ಬೆಳ್ಳಗಾದಲ್ಲಿ ಬಾಟಲಿಯಲ್ಲಿ ಕೊಟ್ಟ ಹುಳಿನೀರಿನ ಎರಡು ಹನಿ ಬಿಡಬೇಕು. ಹನಿ ಬಿದ್ದ ಮೇಲೆ ತಿಳಿಯಾದರೆ ಚಿಂತೆಯಿಲ್ಲ. ಬೆಳ್ಳಗೇ ಉಳಿದಲ್ಲಿ ಸತ್ವ ಸೋರುತ್ತಿದೆಯೆಂದು ಅರ್ಥ. ಎಷ್ಟು ಬೆಳ್ಳಗಾಗಿದೆ ಎಂಬುದನ್ನು ತಿಳಿಯಲು ನಳಿಕೆಯ ಹಿಂದೆ ಅಚ್ಚಿನ ಅಕ್ಷರವನ್ನು ಹಿಡಿದು ನೋಡತಕ್ಕದ್ದು.

ನಾನು ಕಿಟಕಿಯ ಪಕ್ಕದ ಗೋಡೆ ಕ್ಯಾಲೆಂಡರನ್ನು ಆರಿಸಿಕೊಂಡೆ. ಆಯಾ ದಿನದ ಚೌಕದ ಮುಂದೆ ನಳಿಕೆಯನ್ನು ಹಿಡಿಯುತ್ತಿದ್ದೆ. ತಾರೀಖಿನ ದೊಡ್ಡ ಅಂಕಿಯೂ ಅದರ ಕೆಳಗಿನ ತಿಥಿಯ ಸಣ್ಣ ಅಕ್ಷರವೂ ಓದಲು ಬಂದರೆ, ಇದಕ್ಕೆಂದೇ ಇಟ್ಟ ವಹಿಯಲ್ಲಿ, ಅಂದರೆ ನೋಟುಪುಸ್ತಕದಲ್ಲಿ, "ಸ್ವಚ್ಛ" ಎಂದು ಬರೆಯುವುದು. ಅಂಕಿ ಮಾತ್ರ ಕಂಡರೆ "ಮಸುಕು". ಅಂಕಿಯೂ ಕಾಣದಿದ್ದರೆ "ಬಿಳುಪು". ಡಾಕ್ಟರು ಮೂರು ಸಲ ನನ್ನ ವಹಿಯನ್ನು ಪ್ರಯೋಗಾಲಯದ ವರದಿಯ ಪಕ್ಕ ಇಟ್ಟು ತಾಳೆ ನೋಡಿದರು. ಮೂರು ಸಲವೂ ಕೂಡಿತು.

"ಅಕ್ಕಾರ, ನಿಮ್ಮ ಕಣ್ಣು ಬಾಳ ಚೂಪ ಅದಾವ್ರಿ," ಎಂದರು.

"ಕಪ್ಪು ದಾರದಾಗ ಕಪ್ಪು ಅರಬಿ ಹೊಲದ ಕಣ್ಣರಿ," ಎಂದೆ. ಮನೆಗೆ ಬರುವವರೆಗೆ ಕಾಲು ನೆಲಕ್ಕೆ ಹತ್ತಲಿಲ್ಲ.

ಇನ್ನು ಮುಂದೆ ಬರೆಯಬೇಕಾದ ಸಂಗತಿಯು ನನ್ನ ತಪ್ಪಿಗೆ ಸಂಬಂಧಿಸಿದ್ದು. ಅದನ್ನು ಬಿಟ್ಟು ಬರೆದರೆ ಈ ಬರಹ ಪ್ರಾಮಾಣಿಕವಾಗಲಾರದು.

ಬಸವ ಜಯಂತಿ ಕಳೆದ ಮೇಲೆ ಒಂದು ಮುಂಜಾನೆ ನಳಿಕೆಯ ಮೇಲ್ಭಾಗ ಬೆಳ್ಳಗಾಯಿತು. ಹುಳಿನೀರಿನ ಎರಡು ಹನಿ ಬಿಟ್ಟೆ. ತಿಳಿಯಾಗಲಿಲ್ಲ. ಮತ್ತೆರಡು ಹನಿ ಬಿಟ್ಟೆ. ಇನ್ನೂ ಬೆಳ್ಳಗಾಯಿತು, ನೀರು ಹೆಚ್ಚಾದ ಮಜ್ಜಿಗೆಯ ಹಾಗೆ. ಕ್ಯಾಲೆಂಡರಿನ ಮುಂದೆ ಹಿಡಿದೆ. ಆ ದಿನದ ತಾರೀಖು ಇರಲೇ ಇಲ್ಲ.

ನಮ್ಮಲ್ಲಿ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಅಂದು ಪೀಪಾಯಿಯ ತಳದ ನೀರು ಉಳಿದಿತ್ತು, ಸ್ವಲ್ಪ ಕದಡಿತ್ತು. ಆ ನೀರಿನಿಂದ ನಳಿಕೆ ತೊಳೆದದ್ದೇ ಕಾರಣವೆಂದು ನನಗೆ ನಾನೇ ತೀರ್ಮಾನ ಕೊಟ್ಟೆ. ಹೊಸ ನೀರು ಬರಲು ಇನ್ನೂ ಮೂರು ದಿನವಿತ್ತು. ಹೊಸ ನೀರಿನಿಂದ ತೊಳೆದು ನೋಡಿದ ಮೇಲೆಯೇ ಯಾರಿಗಾದರೂ ತಿಳಿಸುವುದೆಂದು ನಿಶ್ಚಯಿಸಿ ವಹಿಯಲ್ಲಿ "ಸ್ವಚ್ಛ" ಎಂದು ಬರೆದೆ. ಮರುದಿನವೂ ಬೆಳ್ಳಗಾಯಿತು. ಆಗಲೂ "ಸ್ವಚ್ಛ" ಎಂದು ಬರೆದೆ. ಮೂರನೆಯ ದಿನವೂ ಹಾಗೆಯೇ.

ಪೀಪಾಯಿಯ ನೀರು ನೆಪ ಮಾತ್ರವಾಗಿತ್ತೆಂಬುದನ್ನು ಇಂದು ಒಪ್ಪಿಕೊಳ್ಳುತ್ತೇನೆ. ಅದೇ ನೀರಿನಿಂದಲೇ ನಾವು ಅಡುಗೆ ಮಾಡುತ್ತಿದ್ದೆವು, ಕುದಿಸಿ ಕುಡಿಯುತ್ತಿದ್ದೆವು. ನನ್ನ ಕಿಡ್ನಿಗೆ ದೋಷ ಬಂದಿದೆಯೆಂಬುದನ್ನು ನಂಬಲು ನಾನು ಸಿದ್ಧಳಿರಲಿಲ್ಲ. ತಮ್ಮನಿಗೆ ಉಡಿಯಲ್ಲಿ ಹುಳುಕು ಕಾಯಿ ಹಾಕಿದೆನೇ ಎಂಬ ಪ್ರಶ್ನೆ ಹೊಲಿಗೆ ಯಂತ್ರದ ಮುಂದೆ ಕುಳಿತಾಗಲೂ ಬಿಡುತ್ತಿರಲಿಲ್ಲ. ಆ ಮೂರು ದಿನ ಎರಡು ಜಂಪರುಗಳ ತೋಳು ತಿರುವುಮುರುವು ಹಚ್ಚಿದೆ.

ತಮ್ಮ ದಿನವೂ ಕೇಳುತ್ತಿದ್ದನು, "ಇವತ್ತ ಏನ ಬಂತಕ್ಕಾ?"

"ಸ್ವಚ್ಛ ಐತಿ."

ನಾಲ್ಕನೆಯ ದಿನ ನಳ ಬಂದಿತು. ಮೊದಲ ಕೊಡದ ನೀರಿನಿಂದಲೇ ನನ್ನಲ್ಲಿದ್ದ ನಾಲ್ಕೂ ನಳಿಕೆಗಳನ್ನು ಕುದಿಸಿ ತೊಳೆದು, ಹೊಸ ಬಟ್ಟೆಯ ಮೇಲೆ ಬೋರಲು ಹಾಕಿದೆ. ಆ ದಿನವೂ ವಹಿಯಲ್ಲಿ ಮೊದಲೇ "ಸ್ವಚ್ಛ" ಎಂದು ಬರೆದಿಟ್ಟು ಪರೀಕ್ಷೆಗೆ ಕುಳಿತೆ. ಬೆಳ್ಳಗಾಯಿತು. ಆಗ ನನಗೆ ಏನು ತೋಚಿತೋ, ಇನ್ನೊಂದು ನಳಿಕೆಯಲ್ಲಿ ನನ್ನದೇ ಮೂತ್ರವನ್ನು ತೆಗೆದುಕೊಂಡು ಬಂದು ಕಾಯಿಸಿದೆ. ಅದೇ ದೀಪ, ಅದೇ ನೀರು, ಅದೇ ಹುಳಿ. ಅದು ತಿಳಿಯಾಗಿಯೇ ಉಳಿಯಿತು. ಎರಡೂ ನಳಿಕೆಗಳನ್ನು ಅಕ್ಕಪಕ್ಕ ಹಿಡಿದೆ. ಒಂದರ ಆಚೆ ತಾರೀಖು, ತಿಥಿ, ನಕ್ಷತ್ರ ಎಲ್ಲವೂ ಕಂಡವು. ಇನ್ನೊಂದರ ಆಚೆ ಬರೀ ಬಿಳುಪು.

ಎರಡೂ ಒಂದೇ ಜೋಡಿಯ ಕಿಡ್ನಿಗಳು. ಮೂವತ್ತೆಂಟು ವರ್ಷ ನನ್ನೊಳಗೆ ಅಕ್ಕಪಕ್ಕದಲ್ಲಿಯೇ ಇದ್ದವು. ನನ್ನಲ್ಲಿ ಉಳಿದದ್ದು ಚೆನ್ನಾಗಿದೆ, ಅವನಲ್ಲಿಗೆ ಹೋದದ್ದು ಸೋರುತ್ತಿದೆ. ಅಂದ ಮೇಲೆ ದೋಷ ಕಿಡ್ನಿಯದಲ್ಲ. ಅದು ನನಗೆ ಸಮಾಧಾನವನ್ನೂ ಅದಕ್ಕಿಂತ ದೊಡ್ಡ ಹೆದರಿಕೆಯನ್ನೂ ಒಟ್ಟಿಗೆ ತಂದಿತು.

ಹಿಂದಿರುಗಿ ನೋಡಿದರೆ ತಮ್ಮ ಬಾಗಿಲಲ್ಲಿ ನಿಂತಿದ್ದನು. ಅವನ ಊದಿಕೊಂಡ ಕಾಲಿನ ಮೇಲೆ ಚಪ್ಪಲಿಯ ಪಟ್ಟಿ ಒತ್ತಿದ ಗುರುತು ಹೊಂಡದಂತೆ ಬಿದ್ದಿತ್ತು.

"ಎಷ್ಟ ದಿನಾ ಆತು?" ಎಂದನು.

"ನಾಕು."

"ವಹ್ಯಾಗ?"

"ಸ್ವಚ್ಛ ಅಂತ ಬರದೇನಿ."

ಅವನು ಸಿಟ್ಟಿಗೇಳಲಿಲ್ಲ. ವಹಿಯನ್ನು ತೆಗೆದುಕೊಂಡು ನೋಡಿ ಮುಚ್ಚಿದನು. "ಅಕ್ಕಾ, ಹಿಂದ ಬಿದ್ದ ಗಡಿಯಾರದ ಮುಳ್ಳು ತಿರುವಿ ಮುಂದ ಇಟ್ಟು ಗಿರಾಕಿಗೆ ಕೊಟ್ರ, ಅವ ಸಂಜಿಮುಂದ ಮತ್ತ ತಿರುಗಿ ಬರ್ತಾನ. ನಡಿ, ಡಾಕ್ಟರ ಕಡೆ ಹೋಗೂಣು."

ಎರಡೂ ನಳಿಕೆಗಳ ಬಾಯಿಗೆ ಹತ್ತಿ ತುರುಕಿ, ಜಂಪರಿನ ತುಂಡು ಅರಿವೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿ ನಿಲ್ಲಿಸಿಕೊಂಡು ಹೋದೆವು. ಡಾಕ್ಟರು ಅವುಗಳನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು.

"ಇದು ನಿಮ್ಮ ತಮ್ಮಂದು. ಮತ್ತ ಇದ್ಯಾರದು?"

"ನಂದರಿ."

ಅವರು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ ಹೇಳಿದರು, "ಇದನ್ನ ತಿಳಿಸಿ ಹೇಳಾಕ ನಂಗ ಅರ್ಧಾ ತಾಸ ಬೇಕಾಗ್ತಿತ್ತು. ನೀವು ಡಬ್ಬ್ಯಾಗ ಕಟಗೊಂಡು ಬಂದೀರಿ. ನಿಮ್ಮ ಜಾಳಿಗಿ ಛಲೋನ ಐತ್ರಿ ಅಕ್ಕಾರ. ಇವರ ರಕ್ತದಾಗ ಏನೋ ಐತಿ, ಹಳೇ ಜಾಳಿಗಿ ಹರದದ್ದೂ ಅದ, ಈಗ ಹೊಸಾ ಜಾಳಿಗಿ ಹರ್ಯಾಕತ್ತಿದ್ದೂ ಅದ. ಅದೇನಂತ ಹೆಸರಿಟ್ಟು ಹೇಳಾಕ ಇನ್ನೂ ಯಾರಿಗೂ ಆಗಿಲ್ಲ. ಹಳೇ ರೋಗ ತಿರುಗಿ ಬಂದಂಗ ಕಾಣತೈತಿ."

"ಕಿಡ್ನಿ ಹೋಗ್ತದೇನ್ರಿ?" ತಮ್ಮ ಕೇಳಿದನು.

"ಸುಮ್ನ ಕುಂತ್ರ ಹೋಗ್ತೈತಿ. ಮತ್ತ ಡಯಾಲಿಸಿಸ್. ಅದಕ್ಕ ಸುಮ್ನ ಕುಂಡ್ರೂದ ಬ್ಯಾಡ." ಆನಂತರ ಅವರು ನನ್ನ ವಹಿಯನ್ನು ತೆರೆದರು. ನಾಲ್ಕು ದಿನದ ಸಂಗತಿಯನ್ನು ನಾನೇ ತಿಳಿಸಿದೆ. ಅವರ ಧ್ವನಿ ಏರಲಿಲ್ಲ, ಆದರೆ ನಗೆ ಹೋಯಿತು. "ನಾಕು ದಿನದಾಗ ದೊಡ್ಡ ಹಾನಿ ಏನೂ ಆಗಿಲ್ಲ. ಆದ್ರ ಇನ್ನ ಮ್ಯಾಲೆ ನಳ ಬರಲಿ ಬಿಡಲಿ, ಕಂಡದ್ದ ಬರೀರಿ. ಇವನ್ನ ಅಳಿಸಬ್ಯಾಡ್ರಿ. ಬಾಜೂಕ ಕೆಂಪು ಶಾಯಿಲೆ ಖರೇದ್ದು ಬರದು ಸಹಿ ಮಾಡ್ರಿ."

ಅವರ ಮೇಜಿನ ಮೇಲೆಯೇ, ಅವರ ಕೆಂಪು ಪೆನ್ನಿನಿಂದಲೇ ನಾಲ್ಕು ಸಲ "ಬಿಳುಪು" ಎಂದು ಬರೆದು ನಾಲ್ಕು ಸಹಿ ಹಾಕಿದೆ.

ಮನೆಗೆ ಬಂದು ಟ್ರಂಕಿನಿಂದ ಅರ್ಜಿಯ ನಕಲನ್ನು ತೆಗೆದು ಓದಿದೆ. ಅದರ ಎರಡನೆಯ ಪುಟದಲ್ಲಿ ನನ್ನದೇ ಉಬ್ಬಿದ ಅಕ್ಷರಗಳಲ್ಲಿ ಹೀಗಿತ್ತು: ಮೂಲ ರೋಗವು ಹೊಸ ಕಿಡ್ನಿಯಲ್ಲಿ ಮರುಕಳಿಸುವ ಸಂಭವವಿರುವುದನ್ನು ತಿಳಿದಿರುತ್ತೇನೆ. ನಾನೇ ಬರೆದದ್ದು. ಆಸ್ಪತ್ರೆಯವರು ಬಾಯಿಯಿಂದಲೂ ಹೇಳಿದ್ದರು. ಒತ್ತಕ್ಷರ ತಪ್ಪದಿರಲೆಂಬ ಚಿಂತೆಯಲ್ಲಿ ಸಾಲನ್ನು ಬರೆದಿದ್ದೆನೇ ಹೊರತು ತಿಳಿದಿರಲಿಲ್ಲ.

ಎರಡು ದಿನದ ಒಳಗಾಗಿ ಬೆಂಗಳೂರಿಗೆ ಹೋದೆವು. ಕಿಡ್ನಿಯಿಂದ ಸೂಜಿಯ ಮೂಲಕ ಕೂದಲೆಳೆಯಷ್ಟು ತುಣುಕು ತೆಗೆದು ಪರೀಕ್ಷಿಸಿದರು. ನಮ್ಮ ಡಾಕ್ಟರ ಅಂದಾಜು ನಿಜವಾಯಿತು. ಅಲ್ಲಿಯ ವೈದ್ಯರು ಚಿಕಿತ್ಸೆಯನ್ನು ಹೀಗೆ ವಿವರಿಸಿದರು: ಕುತ್ತಿಗೆಯ ನರದಲ್ಲಿ ಕೊಳವೆ ಇಟ್ಟು ರಕ್ತವನ್ನು ಯಂತ್ರಕ್ಕೆ ಕಳುಹಿಸುವುದು. ಯಂತ್ರವು ಕೆಂಪು ಭಾಗವನ್ನು ಹಿಂದಿರುಗಿಸಿ, ಹಳದಿ ನೀರಿನ ಭಾಗವನ್ನು ತೆಗೆದುಹಾಕುವುದು. ಅದರ ಬದಲಿಗೆ ಬಾಟಲಿಯ ಶುದ್ಧ ದ್ರವವನ್ನು ತುಂಬುವುದು. ಜಾಳಿಗೆ ಹರಿಯುವ ಆ ಹೆಸರಿಲ್ಲದ ವಸ್ತು ಹಳದಿ ಭಾಗದಲ್ಲಿರುವುದೆಂದು ನಂಬಿಕೆ. ಜೊತೆಗೆ ಔಷಧಗಳ ಪ್ರಮಾಣವನ್ನು ಏರಿಸುವುದು.

"ಇದರಿಂದ ನಿಲ್ಲುತ್ತಾ ಸರ್?" ಎಂದು ಅವರ ಭಾಷೆಯಲ್ಲಿಯೇ ಕೇಳಲು ಪ್ರಯತ್ನಿಸಿದೆ.

"ಕೆಲವರಿಗೆ ಪೂರ್ತಿ ನಿಲ್ಲುತ್ತೆ. ಕೆಲವರಿಗೆ ಕಮ್ಮಿ ಆಗುತ್ತೆ. ಕೆಲವರಿಗೆ ಏನೂ ಆಗಲ್ಲಮ್ಮ. ನಿಮಗೆ ಸುಳ್ಳು ಭರವಸೆ ಕೊಡಲ್ಲ."

ಸುಳ್ಳು ಬರೆದು ಬಂದವಳಿಗೆ ಆ ಮಾತು ಸರಿಯಾದ ಜಾಗಕ್ಕೇ ತಾಗಿತು.

ದಿನ ಬಿಟ್ಟು ದಿನ, ಒಟ್ಟು ಹತ್ತು ಸಲ ಆ ಯಂತ್ರಕ್ಕೆ ಅವನನ್ನು ಜೋಡಿಸಿದರು. ತೆಗೆದ ನೀರು ಒಂದು ಚೀಲದಲ್ಲಿ ಸಂಗ್ರಹವಾಗುತ್ತಿತ್ತು, ಕುಸುಬಿ ಎಣ್ಣೆಯಂತೆ ತಿಳಿ ಹಳದಿ. ನೋಡಲು ಅಷ್ಟು ಚೆಂದದ ಪದಾರ್ಥದಲ್ಲಿ ಅಂಥ ಹಗೆ ಅಡಗಿದೆಯೆಂದು ಹೇಳಿದರೆ ಯಾರೂ ನಂಬಲಾರರು. ತಮ್ಮನಿಗೆ ಚಳಿ ಬರುತ್ತಿತ್ತು, ತುಟಿ ಜುಮ್ಮೆನ್ನುತ್ತಿತ್ತು. ಔಷಧಗಳಿಂದ ಮುಖ ದುಂಡಗಾಯಿತು, ಕೆನ್ನೆ ಕಿವಿಗಳ ಮೇಲೆ ಕೂದಲು ಬಂದಿತು. ಎಲ್ಲಕ್ಕಿಂತ ಹೆಚ್ಚಾಗಿ ಕೈ ನಡುಗತೊಡಗಿತು. ಗಡಿಯಾರದವನ ಕೈ. ಅವನು ಕೈಗಳನ್ನು ಹೊದಿಕೆಯ ಒಳಗೆ ಇಟ್ಟುಕೊಳ್ಳುತ್ತಿದ್ದನು.

ಆಸ್ಪತ್ರೆಯ ಹತ್ತಿರ ನಾವು ಹಿಡಿದಿದ್ದ ಕೋಣೆಯಲ್ಲಿ ನಾನು ದೀಪ ಹಚ್ಚಿ ಪರೀಕ್ಷೆ ನಡೆಸುತ್ತಲೇ ಇದ್ದೆ. ಮನೆಯ ಕ್ಯಾಲೆಂಡರನ್ನು ಸುತ್ತಿಕೊಂಡು ಒಯ್ದಿದ್ದೆ. ಮೊದಲ ಸಲದ ನಂತರ ಬಿಳುಪು. ಮೂರನೆಯದರ ನಂತರವೂ ಬಿಳುಪು. ಐದು, ಆರು, ಏಳು, ಎಲ್ಲವೂ ಬಿಳುಪು. ಪ್ರತಿದಿನ ಹಾಗೆಯೇ ಬರೆದೆ. ಕಂಡದ್ದನ್ನು ಬರೆಯುವುದೆಂದರೆ ಎಷ್ಟು ಭಾರದ ಕೆಲಸವೆಂಬುದು ಆಗ ತಿಳಿಯಿತು.

ಏಳನೆಯ ಸಲದ ದಿನ ಒಂದು ಸಂಗತಿ ನಡೆಯಿತು. ಆಸ್ಪತ್ರೆಯಲ್ಲಿ ಆ ಯಂತ್ರವಿದ್ದ ಕೋಣೆಯ ಗೋಡೆ ಗಡಿಯಾರ ಬಹಳ ದಿನಗಳಿಂದ ಹತ್ತೂಕಾಲಿಗೆ ನಿಂತುಬಿಟ್ಟಿತ್ತು. ತಮ್ಮ ಯಂತ್ರದಿಂದ ಬಿಡುಗಡೆಯಾಗಿ ಕುಳಿತವನು ನರ್ಸಮ್ಮನನ್ನು ಕೇಳಿದನು, "ಸಿಸ್ಟರ್, ಅದನ್ನ ಇಳಿಸಿ ಕೊಡ್ರಿ."

"ನಿಮ್ಮ ಕೈ ನಡುಗ್ತಾ ಇದೆಯಲ್ಲಪ್ಪ."

"ಗ್ವಾಡಿ ಗಡಿಯಾರದ ಹೊಟ್ಟಿ ದೊಡ್ಡದಿರ್ತೈತ್ರಿ. ನಡುಗೂ ಕೈನೂ ಹಿಡಸತೈತಿ."

ಮೊಣಕೈಗಳನ್ನು ಮಂಚದ ಕಬ್ಬಿಣಕ್ಕೆ ಒತ್ತಿ ನಿಲ್ಲಿಸಿ, ನನ್ನ ಸೀರೆಯ ಪಿನ್ನಿನಿಂದ ಸೆಲ್ಲಿನ ಜಾಗದ ತುಕ್ಕನ್ನು ಕೆರೆದನು. ತಡವಾಯಿತು. ಪಿನ್ನು ಎರಡು ಸಲ ಜಾರಿತು, ನಾನು ಎತ್ತಿಕೊಟ್ಟೆ. ಗಡಿಯಾರ ನಡೆಯಿತು. ನರ್ಸಮ್ಮ ಅದನ್ನು ಮತ್ತೆ ಗೋಡೆಗೆ ತೂಗುಹಾಕಿದರು. ತಮ್ಮ ನನ್ನ ಕಡೆ ತಿರುಗಿ, "ಊರಿಗೆ ಹೋದ ಮ್ಯಾಲೆ ಗ್ವಾಡೀವ ಮಾಡತೇನಿ ಅಕ್ಕಾ. ಕೈಗಡಿಯಾರ ಬ್ಯಾಡ," ಎಂದನು. ಗೋಡೆಗೆ ಮುಖ ಮಾಡಿ ಮಲಗುತ್ತಿದ್ದವನು ಗೋಡೆಯ ಮೇಲಿನದನ್ನು ಸರಿಮಾಡಿದನು. ಕಿಡ್ನಿ ಉಳಿದರೂ ಹೋದರೂ ನನ್ನ ತಮ್ಮ ಉಳಿದನೆಂದು ಅಂದೇ ನನಗೆ ಅನ್ನಿಸಿತು.

ಎಂಟನೆಯ ಸಲದ ಮರುದಿನ ಬಿಳುಪಿನ ಆಚೆ ನೆರಳಿನಂತೆ ಏನೋ ಕಂಡಿತು. ಹತ್ತನೆಯದರ ನಂತರ ಅಂಕಿಯನ್ನು ಅಂಕಿಯೆಂದು ಗುರುತಿಸಲು ಬಂದಿತು. "ಮಸುಕು" ಎಂದು ಬರೆದೆ. ಆ ಪದವನ್ನು ಅಷ್ಟು ಸಂತೋಷದಿಂದ ಯಾರೂ ಬರೆದಿರಲಿಕ್ಕಿಲ್ಲ.

ಊರಿಗೆ ಬಂದ ಮೇಲೆ ಮಾತ್ರೆಗಳು ಉಳಿದವು. ರಕ್ತದೊತ್ತಡದ ಮಾತ್ರೆಯೇ ಸೋರಿಕೆಯನ್ನೂ ತಗ್ಗಿಸುವುದೆಂದು ಡಾಕ್ಟರು ಪ್ರಮಾಣವನ್ನು ಮೆಲ್ಲಗೆ ಏರಿಸಿದರು. ಪ್ರತಿ ವಾರ ರಕ್ತ ಪರೀಕ್ಷೆ. ಊಟದಲ್ಲಿ ಉಪ್ಪು ಕಡಿಮೆ. ಅವ್ವ ಅವನ ಪಲ್ಯಕ್ಕೆ ಉಪ್ಪು ಹಾಕುವುದನ್ನು ಬಿಟ್ಟು, ತನ್ನ ಪಲ್ಯಕ್ಕೂ ಬಿಟ್ಟಳು.

"ನೀ ಯಾಕ ಸಪ್ಪಂದು ತಿಂತಿ?" ಎಂದು ಕೇಳಿದರೆ, "ನಾಲಿಗಿ ಒಂದ ಕಡೆ ಕಲೀಲಿ ಅಂತ. ಇಲ್ಲಾಂದ್ರ ಮರತು ಅವಂಗ ಹಾಕೇನಿ," ಎಂದಳು.

ವಹಿಯಲ್ಲಿ ಜೂನ್ ತಿಂಗಳೆಲ್ಲ ಮಸುಕು. ಜುಲೈನಲ್ಲಿ ಎರಡು ದಿನ ಬಿಳುಪು ಬಂದು ಮತ್ತೆ ಮಸುಕಿಗೆ ಇಳಿಯಿತು. ಆ ಎರಡು ದಿನವೂ ಬಾಗಿಲು ತೆರೆಯುವುದರೊಳಗಾಗಿ ಡಾಕ್ಟರ ದವಾಖಾನೆಯ ಕಟ್ಟೆಯ ಮೇಲೆ ನಾವು ಕುಳಿತಿದ್ದೆವು.

ಶ್ರಾವಣ ಬಂದಿತು. ನಮ್ಮ ಕಡೆ ನಾಗರ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಗಂಡನ ಮನೆಯಿಂದ ತವರಿಗೆ ಅಣ್ಣನೋ ತಮ್ಮನೋ ಬಂದು ಕರೆದೊಯ್ಯತಕ್ಕದ್ದು. ಕರೆಯಲು ಬಾರದೆ ಹೋಗುವಂತಿಲ್ಲ. ಡಯಾಲಿಸಿಸ್ ನಡೆದ ವರ್ಷ ಯಾರೂ ಕರೆಯಲು ಬಂದಿರಲಿಲ್ಲ, ನಾನೂ ಹೋಗಿರಲಿಲ್ಲ.

ಅವ್ವ ಸಂಕಟಕ್ಕೆ ಬಿದ್ದಳು. "ಕರಿಯಾಂವ ನಿನ್ನ ಮನ್ಯಾಗ ಕುಂತಾನ. ಯಾರು ಯಾರ್ನ ಕರಿಯೂದು ಈಗ?"

"ನಾನ ಒಯ್ದು ಬಿಡತೇನಿ, ಟಿಕೀಟ ತಗೋಬ್ಯಾಡ್ರಿ," ಎಂದು ಯಜಮಾನರು ಹೇಳಿದರು.

"ನಿಮಗ ತವರಮನಿ ದಾರಿ ಗೊತ್ತೈತಿ, ಪದ್ಧತಿ ಗೊತ್ತಿಲ್ಲ ಮಾಮಾ," ಎಂದನು ತಮ್ಮ. "ನಾ ಮುಂಜಾನೆದ್ದು ಜಳಕಾ ಮಾಡಿ ಹಳೇ ಹುಬ್ಬಳ್ಳಿಗೆ ಹೋಗತೇನಿ. ಅಲ್ಲಿಂದ ತಿರುಗಿ ಬಂದು ಅಕ್ಕನ್ನ ಕರೀತೇನಿ." ಡಾಕ್ಟರ ಒಪ್ಪಿಗೆಯನ್ನೂ ಅವನು ಮೊದಲೇ ಪಡೆದಿದ್ದನು. ಆಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದನು, "ಅವತ್ತ ನಳಿಕಿ ಬೆಳ್ಳಗ ಇದ್ರೂ ಬರತೇನಿ. ತಾರೀಖು ಕಾಣಲಿ ಬಿಡಲಿ, ಪಂಚಮಿ ಇರತೈತಿ."

ಪಂಚಮಿಯ ಮುಂಜಾನೆ ಅವನು ಮೂತ್ರದ ಬಾಟಲಿಯನ್ನು ಎಂದಿನ ಜಾಗದಲ್ಲಿಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರಿಕ್ಷಾ ಹಿಡಿದು ಹೋದನು. ಅವನು ಹೋದ ಮೇಲೆ ದೀಪ ಹಚ್ಚಿದೆ. ಕಾಯಿಸಿದೆ. ಮೇಲ್ಭಾಗದಲ್ಲಿ ಉಸಿರು ಹತ್ತಿದ ಕನ್ನಡಿಯಂಥ ಒಂದು ತೆಳು ಮಬ್ಬು ಬಂದಿತು. ಹುಳಿನೀರಿನ ಹನಿ ಬಿಟ್ಟೆ. ಮಬ್ಬು ಪೂರ್ತಿ ಹೋಗಲಿಲ್ಲ, ಹೆಚ್ಚಲೂ ಇಲ್ಲ. ಕ್ಯಾಲೆಂಡರಿನ ಚೌಕದ ಮುಂದೆ ಹಿಡಿದೆ. ಕೆಂಪು ಅಂಕಿ ಕಂಡಿತು. ಅದರ ಕೆಳಗೆ ಸಣ್ಣ ಅಕ್ಷರಗಳು, ನಳಿಕೆಯ ದುಂಡಿನಲ್ಲಿ ಸ್ವಲ್ಪ ಉಬ್ಬಿದಂತೆ.

ನನ್ನ ಕಣ್ಣನ್ನು ನಾನು ನಂಬಲಿಲ್ಲ. ಒಮ್ಮೆ ಸುಳ್ಳು ಬರೆದ ಕಣ್ಣು ಅದು. ಯಜಮಾನರನ್ನು ಕರೆದು ನಿಲ್ಲಿಸಿದೆ. "ಏನೈತಿ ಓದ್ರಿ. ಗೊತ್ತೈತೆಂತ ಹೇಳಬ್ಯಾಡ್ರಿ, ಕಂಡ್ರಷ್ಟ ಓದ್ರಿ."

ಅವರು ಬಗ್ಗಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಬಸ್ಸಿನಲ್ಲಿ ಕೂಗುವ ಧ್ವನಿಯಲ್ಲಿ ಹೇಳಿದರು, "ನಾಗರ ಪಂಚಮಿ, ನಾಗರ ಪಂಚಮಿ. ಇಳಿಯವರು ಇಳೀರಿ." ಹೇಳಿ ಮುಗಿಸಿ ಹಿತ್ತಲಿಗೆ ಹೋದರು, ಸ್ವಲ್ಪ ಹೊತ್ತು ಒಳಗೆ ಬರಲಿಲ್ಲ.

ಒಂಬತ್ತು ಗಂಟೆಗೆ ಬಾಗಿಲ ಮುಂದೆ ರಿಕ್ಷಾ ನಿಂತಿತು. ಹಿಂದಿನ ದಿನ ನಮ್ಮಲ್ಲಿಯೇ ಉಂಡು ಮಲಗಿದ್ದವನು, ತನ್ನ ಹಾಸಿಗೆ ಇನ್ನೂ ಮಡಿಸದೆ ಬಿದ್ದಿದ್ದ ಮನೆಯ ಹೊಸ್ತಿಲ ಹೊರಗೆ, ಶೇಂಗಾ ಉಂಡಿಯ ಡಬ್ಬಿ ಹಿಡಿದು ಬೀಗರ ಮನೆಗೆ ಬಂದವನಂತೆ ನಿಂತನು. ಡಬ್ಬಿ ಅವನ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು.

"ಅಕ್ಕಾ, ಪಂಚಮಿಗೆ ಕರಿಯಾಕ ಬಂದೇನಿ. ಮಾಮಾ, ಕಳಸಿ ಕೊಡ್ರಿ."

"ನಾಕ ದಿನಕ್ಕ ಕಳಸತೇನಿ," ಎಂದರು ಯಜಮಾನರು, ಅಷ್ಟೇ ಗಂಭೀರವಾಗಿ. "ಮುಂಜಾನೆ ದೀಪಾ ಹಚ್ಚೂ ಸಾಮಾನೂ ಒಯ್ರಿ."

ನಳಿಕೆಯ ವಿಷಯ ತಮ್ಮ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಳೇ ಹುಬ್ಬಳ್ಳಿಯಲ್ಲಿ ಅವ್ವ ಮಣ್ಣಿನ ನಾಗಪ್ಪನಿಗೆ ಅರಿಷಿಣ ಹಚ್ಚಿ ಸಿದ್ಧ ಮಾಡಿದ್ದಳು. ಒಬ್ಬೊಬ್ಬರ ಪಾಲಿನ ಹಾಲೆಂದು ಹೇಳಿ ಎರೆಯುವುದು ನಮ್ಮ ಪದ್ಧತಿ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆದೆ. ತಮ್ಮನ ಪಾಲು ಬಂದಾಗ ಮಾತ್ರ ಚಮಚ ತಡೆಯಿತು. ಅವನು ನನ್ನ ಹಿಂದೆಯೇ ನಿಂತಿದ್ದನು.

"ತಮ್ಮನ ಪಾಲು," ಎಂದೆ. ಆಮೇಲೆ ತಿರುಗದೆಯೇ, "ಓದಾಕ ಬಂತೋ," ಎಂದೆ.

"ಅಂಕಿನೋ, ಅಕ್ಷರನೋ?"

"ಅಕ್ಷರ. ಮಾಮಾನೂ ಓದ್ಯಾರ."

ಅವನು ಮೂಗು ಏರಿಸಿದ ಸಪ್ಪಳ ಕೇಳಿತು. "ಮತ್ತೊಂದ ಚಮಚ ಹಾಕು," ಎಂದನು. ಅವ್ವ ಇಬ್ಬರನ್ನೂ ಗದರಿಸಿದಳು, ಹಾಲು ಎರೆಯುವಾಗ ಮಾತಾಡಬಾರದೆಂದು.

ಸದರಿ ಸಂಗತಿ ನಡೆದು ಈಗ ಹತ್ತಕ್ಕಿಂತ ಹೆಚ್ಚು ಪಂಚಮಿಗಳು ಕಳೆದಿವೆ. ರೋಗ ಬೇರುಸಹಿತ ಹೋಗಿದೆಯೆಂದು ನಾನು ಬರೆಯಲಾರೆ. ಆ ತೆಳು ಮಬ್ಬು ಇಂದಿಗೂ ಬರುತ್ತದೆ, ಮಾತ್ರೆಗಳು ಇಂದಿಗೂ ನಡೆದಿವೆ. ಆದರೆ ಕಿಡ್ನಿ ನಿಂತಿಲ್ಲ. ತಮ್ಮ ತನ್ನ ಮನೆಗೆ ಹಿಂದಿರುಗಿ ಗೋಡೆ ಗಡಿಯಾರಗಳ ರಿಪೇರಿ ಮಾಡುತ್ತಾನೆ. ಈಗ ಪಟ್ಟಿಯೊಂದನ್ನು ಅದ್ದಿ ಬಣ್ಣ ನೋಡುವ ಸುಲಭದ ವಿಧಾನ ಬಂದಿದೆ. ಅದನ್ನು ಅವನೇ ನೋಡಿಕೊಳ್ಳುತ್ತಾನೆ. ಆದರೂ ಭಾನುವಾರಕ್ಕೊಮ್ಮೆ ಬಾಟಲಿ ಹಿಡಿದು ಬೆಂಗೇರಿಗೆ ಬರುತ್ತಾನೆ, ನಾನು ದೀಪ ಹಚ್ಚುತ್ತೇನೆ. ಡಾಕ್ಟರು ಹೊಸದಾಗಿ ಕಿಡ್ನಿ ಹಾಕಿಸಿಕೊಂಡವರ ಮನೆಯ ಹೆಂಗಸರನ್ನು ನನ್ನಲ್ಲಿಗೆ ಕಳುಹಿಸಿದ್ದುಂಟು. ಅವರಿಗೆ ನಾನು ಮೊದಲು ನಳಿಕೆಯನ್ನು ತೋರಿಸುವುದಿಲ್ಲ. ಹಳೆಯ ವಹಿಯ ಕೆಂಪು ಶಾಯಿಯ ಪುಟವನ್ನು ತೋರಿಸುತ್ತೇನೆ. ನಾಲ್ಕು ಕಪ್ಪು "ಸ್ವಚ್ಛ", ಅವುಗಳ ಪಕ್ಕ ನಾಲ್ಕು ಕೆಂಪು "ಬಿಳುಪು", ನಾಲ್ಕು ಸಹಿ. ನಾನು ಕೊಟ್ಟ ಕಿಡ್ನಿಯ ಬಗ್ಗೆ ಎಷ್ಟು ಹೆಮ್ಮೆಯಿದೆಯೋ ಆ ನಾಲ್ಕು ಸಹಿಗಳ ಬಗ್ಗೆಯೂ ಅಷ್ಟೇ ಇದೆ.

ಆದಕಾರಣ ಮಾನ್ಯ ಓದುಗರಲ್ಲಿ ನನ್ನದೊಂದು ಪ್ರಾರ್ಥನೆ. ಈ ಹಾಳೆಗಳಲ್ಲಿ ಎಲ್ಲಿಯಾದರೂ ಅಕ್ಷರ ತಪ್ಪಿದ್ದಲ್ಲಿ, ಸಂಗತಿ ತಪ್ಪಿದ್ದಲ್ಲಿ, ನನ್ನ ಮುಖ ನೋಡಿ ಬಿಡತಕ್ಕದ್ದಲ್ಲ. ನಾನು ಬರೆದದ್ದನ್ನು ಅಳಿಸದೆ, ಅದರ ಪಕ್ಕದಲ್ಲಿಯೇ ಕೆಂಪು ಶಾಯಿಯಿಂದ ಸರಿಯಾದದ್ದನ್ನು ಬರೆದು, ತಮ್ಮ ಸಹಿ ಹಾಕಿ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ.